ದಾಂಪತ್ಯ ನಿಷ್ಠೆ: ಕ್ರೈಸ್ತ ಬೋಧನೆ ಮತ್ತು ಅದರ ಆಚರಣೆ

ಕ್ರೈಸ್ತ ಪರಂಪರೆಯಲ್ಲಿ ದಾಂಪತ್ಯ ನಿಷ್ಠೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಳತೆಯ ಕಟ್ಟಳೆ. ಆ ಪರಂಪರೆ ಹುಟ್ಟಿದ ಕಾಲಕ್ಕೆ ಇದು ಹೊಸ ವಿಚಾರ. ಕ್ರಿ.ಪೂ. 18ರಲ್ಲಿ ಅಗಸ್ಟಸ್ ಚಕ್ರವರ್ತಿ ತಂದ ರೋಮನ್ ಕಾನೂನಿನ ಪ್ರಕಾರ, ಮದುವೆಯಾದ ಗಂಡಸು ದಾಸಿಯ ಬಳಿಗೋ ವೇಶ್ಯೆಯ ಬಳಿಗೋ ಹೋದರೆ ಅದು ವ್ಯಭಿಚಾರವಲ್ಲ. ಹೆಂಡತಿ ಯಾರೊಡನೆ ತಪ್ಪಿದರೂ ಶಿಕ್ಷೆ. ಯೆಹೂದ್ಯರ ಹತ್ತು ಆಜ್ಞೆಗಳು ವ್ಯಭಿಚಾರವನ್ನು ನಿಷೇಧಿಸಿದ್ದವು ನಿಜ. ಆದರೆ ಅಲ್ಲಿಯೂ ಅಪರಾಧ ತೀರ್ಮಾನವಾಗುತ್ತಿದ್ದುದು ಹೆಣ್ಣು ಮದುವೆಯಾದವಳೋ ಅಲ್ಲವೋ ಎಂಬುದರ ಮೇಲೆ. ಗಂಡಸಿಗೆ ಒಬ್ಬಳಿಗಿಂತ ಹೆಚ್ಚು ಹೆಂಡಿರಿರಲು ಅಡ್ಡಿಯಿರಲಿಲ್ಲ. ಯೌವನದಲ್ಲಿ ಕೈಹಿಡಿದವಳಿಗೆ ಗಂಡಸರು ದ್ರೋಹ ಮಾಡಿದಾಗ ಪ್ರವಾದಿ ಮಲಾಕಿಯ ಅವರನ್ನು ತರಾಟೆಗೆ ತೆಗೆದುಕೊಂಡು, ಮದುವೆಗೆ ದೇವರೇ ಸಾಕ್ಷಿ ಎಂದು ನೆನಪಿಸಿದ.

ಯೇಸು ಈ ನೆಲೆಯಿಂದ ಇನ್ನೂ ಮುಂದೆ ಹೋದ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ಹೆಂಡತಿಯನ್ನು ಬಿಟ್ಟು ಬೇರೊಬ್ಬಳನ್ನು ಮದುವೆಯಾದವನು ಆ ಮೊದಲ ಹೆಂಡತಿಗೇ ಅನ್ಯಾಯ ಮಾಡಿದ ವ್ಯಭಿಚಾರಿಯಾಗುತ್ತಾನೆ. ಅದುವರೆಗೆ ವ್ಯಭಿಚಾರದಿಂದ ಅನ್ಯಾಯಕ್ಕೊಳಗಾದವನು ಇನ್ನೊಬ್ಬ ಗಂಡಸು; ಈಗ ಮೊದಲ ಬಾರಿಗೆ ಹೆಂಡತಿಯೂ ಅನ್ಯಾಯಕ್ಕೊಳಗಾದವಳೆಂದು ಎಣಿಸಲ್ಪಟ್ಟಳು. ಕಣ್ಣಿನ ಕಾಮವನ್ನೂ ವ್ಯಭಿಚಾರವೆಂದು ಹೇಳುವ ಮತ್ತಾಯನ 5ನೇ ಅಧ್ಯಾಯದ ಬೋಧನೆ ನಿಷ್ಠೆಯನ್ನು ದೇಹದಿಂದ ಮನಸ್ಸಿನವರೆಗೆ ಎಳೆಯಿತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಪೌಲ, ಹೆಂಡತಿಯ ದೇಹದ ಮೇಲೆ ಗಂಡನಿಗೆ ಇರುವಷ್ಟೇ ಅಧಿಕಾರ ಗಂಡನ ದೇಹದ ಮೇಲೆ ಹೆಂಡತಿಗೂ ಇದೆ ಎಂದ. ಹೆಣ್ಣನ್ನು ಆಸ್ತಿಯಂತೆ ಕಾಣುತ್ತಿದ್ದ ಕಾಲಕ್ಕೆ ಇದಕ್ಕಿಂತ ದಿಟ್ಟ ಬೋಧನೆ ಬೇಕಿರಲಿಲ್ಲ.

ಈ ದಿಟ್ಟತನವನ್ನು ಉಳಿಸಿಕೊಳ್ಳುವುದು ಕ್ರೈಸ್ತ ಸಭೆಗೆ ಕಷ್ಟವಾಯಿತು. ನಾಲ್ಕನೇ ಶತಮಾನದ ಗುರುಗಳ ಬರಹಗಳಲ್ಲಿ ಈ ಜಗ್ಗಾಟ ನಿಚ್ಚಳವಾಗಿ ಕಾಣುತ್ತದೆ. ಕಾನೂನು ಬರೆದವರು ಗಂಡಸರಾದ್ದರಿಂದ ಅದು ಹೆಂಗಸರಿಗೆ ವಿರುದ್ಧವಾಗಿದೆ ಎಂದು ನಾಜಿಯಾನ್ಜಸ್‌ನ ಗ್ರೆಗರಿ ನೇರವಾಗಿ ಹೇಳಿದ. ಹೆಂಗಸರಿಗೆ ಸಲ್ಲದ್ದು ನಮ್ಮಲ್ಲಿ ಗಂಡಸರಿಗೂ ಸಲ್ಲದು ಎಂದು ಜೆರೋಮ್ ಬರೆದ. ಅದೇ ಕಾಲದ ಬಾಸಿಲ್ ಮಾತ್ರ ತನ್ನ ನಿಯಮಪತ್ರಗಳಲ್ಲಿ, ಮದುವೆಯಾಗದವಳ ಸಂಗ ಮಾಡಿ ಬಂದ ಗಂಡನನ್ನು ಹೆಂಡತಿ ಸ್ವೀಕರಿಸಲೇಬೇಕು, ತಪ್ಪಿದ ಹೆಂಡತಿಯನ್ನು ಗಂಡ ಹೊರಹಾಕಬಹುದು ಎಂದು ವಿಧಿಸಿದ. ಇದಕ್ಕೆ ಕಾರಣ ಹೇಳುವುದು ಸುಲಭವಲ್ಲ, ರೂಢಿ ಹಾಗಿದೆ ಎಂದು ಅವನೇ ಒಪ್ಪಿಕೊಂಡ. ಕಾರಣವಿಲ್ಲದ ಈ ರೂಢಿಗೆ ಧರ್ಮದ ಮುದ್ರೆ ಬಿದ್ದದ್ದು ಪರಂಪರೆಯ ದೊಡ್ಡ ಸೋಲು.

ಪಾಶ್ಚಾತ್ಯ ಸಭೆಗೆ ಮದುವೆಯ ಸಿದ್ಧಾಂತ ಕಟ್ಟಿಕೊಟ್ಟವನು ಅಗಸ್ಟೀನ್. ಸುಮಾರು 401ರಲ್ಲಿ ಬರೆದ ಕೃತಿಯಲ್ಲಿ ಅವನು ಮದುವೆಯ ಒಳಿತುಗಳನ್ನು ಸಂತಾನ, ನಿಷ್ಠೆ ಮತ್ತು ಸಂಸ್ಕಾರವೆಂದು ಮೂರಾಗಿ ಹೇಳಿದ. ಹೆಂಡತಿಯಿಂದ ಶುದ್ಧತೆ ಬಯಸಿ ತಾವು ಅದನ್ನು ಪಾಲಿಸದ ಗಂಡಸರನ್ನು ಪ್ರಸಂಗಗಳಲ್ಲಿ ಕಟುವಾಗಿ ಖಂಡಿಸಿದ. ಅದೇ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ, ಗಂಡನ ಪರಸ್ತ್ರೀಸಂಗವನ್ನು ಜಗಳವಿಲ್ಲದೆ ಸಹಿಸಿದ ತಾಯಿ ಮೋನಿಕಾಳನ್ನು ಮೆಚ್ಚಿ ಹೊಗಳುತ್ತಾನೆ. ಗಂಡಸರಿಗೆ ಪ್ರಸಂಗ, ಹೆಂಗಸರಿಗೆ ಸಹನೆಯ ಮಾದರಿ: ಮುಂದಿನ ಶತಮಾನಗಳ ಕ್ರೈಸ್ತ ಮನೆಗಳಲ್ಲಿ ಬೇರೂರಿದ್ದು ಎರಡನೆಯದೇ.

ಆಮೇಲಿನ ಚರ್ಚೆ ಬಹುಪಾಲು ಮದುವೆ ಹೇಗೆ ಊರ್ಜಿತವಾಗುತ್ತದೆ, ಅದನ್ನು ಮುರಿಯಬಹುದೇ ಎಂಬುದರ ಸುತ್ತ ನಡೆಯಿತು. ಕ್ಯಾಥೋಲಿಕ್ ಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿ ಗುಟ್ಟಿನ ಮದುವೆಗಳನ್ನು ತಡೆಯಲು ಗುರುವಿನ ಜೊತೆಗೆ ಸಾಕ್ಷಿಗಳೂ ಇರಲೇಬೇಕೆಂದಿತು. ಹೆಣ್ಣಿಗೆ ಮಾತುಕೊಟ್ಟು ಆಮೇಲೆ ನಿರಾಕರಿಸುವ ಗಂಡಸರಿಗೆ ಇದು ಒಳ್ಳೆಯ ಕಡಿವಾಣವಾಯಿತು. ಮದುವೆಯನ್ನು ಸಂಸ್ಕಾರವೆಂದು ಒಪ್ಪದ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ವ್ಯಭಿಚಾರದ ಕಾರಣಕ್ಕೆ ವಿಚ್ಛೇದನವನ್ನು ಒಪ್ಪಿದ. ಅವನ ನಿಲುವಿಗೆ ಮಸಿ ಬಳಿದದ್ದು ಹೆಸ್ಸೆಯ ಅರಸ ಫಿಲಿಪನ ಪ್ರಕರಣ. ಮೊದಲ ಹೆಂಡತಿ ಬದುಕಿರುವಾಗಲೇ ಆ ಅರಸ 1540ರಲ್ಲಿ ಎರಡನೇ ಮದುವೆಯಾದ. ಇದಕ್ಕೆ ಲೂಥರ್ ಮತ್ತು ಅವನ ಸಹವರ್ತಿ ಮೆಲಾಂಕ್ಥನ್ ಗುಟ್ಟಾಗಿ ಸಮ್ಮತಿಸಿದ್ದರು. ಸುಧಾರಣೆಗೆ ಅರಸನ ಬೆಂಬಲ ಬೇಕಿತ್ತೆಂಬುದು ಈ ನಡೆಯನ್ನು ವಿವರಿಸುತ್ತದೆ, ಸಮರ್ಥಿಸುವುದಿಲ್ಲ.

ಕ್ಷಮೆಯ ವಿಚಾರದಲ್ಲಿ ಪರಂಪರೆಯ ಶಕ್ತಿಯೂ ಇದೆ, ಅಪಾಯವೂ ಇದೆ. ಪ್ರವಾದಿ ಹೋಶೇಯ ತನಗೆ ದ್ರೋಹ ಬಗೆದ ಹೆಂಡತಿಯನ್ನು ಮರಳಿ ಕರೆತಂದ. ನಿಷ್ಠೆ ಮುರಿದ ಮೇಲೂ ಮದುವೆಗೆ ಬದುಕುಂಟು ಎಂಬ ಭರವಸೆ ಆ ಕಥೆಯಲ್ಲಿದೆ. ಆ ಭರವಸೆಯಿಂದ ಎಷ್ಟೋ ಸಂಸಾರಗಳು ಉಳಿದಿವೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅಲ್ಲಿ ಕ್ಷಮಿಸಿದವನು ಗಂಡ. ಬೋಧನೆಯಲ್ಲಿ ಕ್ಷಮೆಯ ಹೊರೆ ಹೆಂಡತಿಯ ತಲೆಗೇ ಬಂತು. 1983ರ ಕ್ಯಾಥೋಲಿಕ್ ಧರ್ಮಸಂಹಿತೆ ಕ್ಷಮಿಸಲು ಒತ್ತಾಯಿಸುತ್ತಲೇ, ದ್ರೋಹಕ್ಕೊಳಗಾದವರು ಗಂಡನಾಗಲಿ ಹೆಂಡತಿಯಾಗಲಿ ಬೇರೆಯಾಗಿ ಬಾಳುವ ಹಕ್ಕನ್ನು ಸಮಾನವಾಗಿ ಮಾನ್ಯ ಮಾಡಿದೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಕುರಿತು ಹೊರಡಿಸಿದ ಪತ್ರ, ಹಿಂಸೆಯಿರುವ ಮನೆಯಿಂದ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೂ ಅಗತ್ಯ ಎಂದಿತು. ಮೋನಿಕಾಳ ಸಹನೆಯೊಂದನ್ನೇ ಮಾದರಿಯಾಗಿಸಿದವರು ತಿರುಗಿ ನೋಡಬೇಕಾದ ನಿಲುವು ಇದು.

ಭಾರತದ ಕ್ರೈಸ್ತರಿಗೆ ಈ ಅಸಮಾನತೆ ಕಾನೂನಿನ ರೂಪದಲ್ಲಿಯೇ ಬಂತು. ಇಂಗ್ಲೆಂಡಿನ 1857ರ ಕಾಯ್ದೆಯ ಜಾಡಿನಲ್ಲಿ ಬಂದ 1869ರ ವಿಚ್ಛೇದನ ಕಾಯ್ದೆಯಲ್ಲಿ, ಹೆಂಡತಿ ಒಮ್ಮೆ ತಪ್ಪಿದಳೆಂದು ಸಾಬೀತುಪಡಿಸಿದರೆ ಗಂಡನಿಗೆ ಬಿಡುಗಡೆ ಸಿಗುತ್ತಿತ್ತು. ಹೆಂಡತಿಗೆ ಗಂಡನ ವ್ಯಭಿಚಾರವೊಂದೇ ಸಾಲದು; ಅದರ ಜೊತೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ಅಂಥದ್ದೇ ಬೇರೊಂದು ತಪ್ಪನ್ನೋ ಆಕೆ ರುಜುವಾತು ಮಾಡಬೇಕಿತ್ತು. ಹೆಂಡತಿಯೊಡನೆ ತಪ್ಪಿದವನಿಂದ ಹಣದ ಪರಿಹಾರ ಕೇಳುವ ಹಕ್ಕೂ ಗಂಡನಿಗಿತ್ತು. ಇಂಗ್ಲೆಂಡ್ 1923ರಲ್ಲೇ ತನ್ನ ಭೇದವನ್ನು ಅಳಿಸಿತು. ಭಾರತದಲ್ಲಿ 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪೌಲನ ಪತ್ರವನ್ನು ನಂಬುವ ಸಮುದಾಯ ಈ ಕಾಯ್ದೆಯಡಿ ನೂರಮೂವತ್ತಕ್ಕೂ ಹೆಚ್ಚು ವರ್ಷ ಬಾಳಿತು. ಮದುವೆಗೆ ಮುಂಚೆ ವಧೂವರರಿಗೆ ತರಗತಿ ನಡೆಸುವ ಗುರುಗಳು ಆ ಪತ್ರದ 7ನೇ ಅಧ್ಯಾಯವನ್ನು ವಧುವಿಗೆ ಓದಿಸುವಷ್ಟೇ ಕಟ್ಟುನಿಟ್ಟಾಗಿ ವರನಿಗೂ ಓದಿಸಬೇಕು.