ಗಿಳಿ ಚೆಂದ, ಚೀಟಿ ಯಾರದು?

ಅಕ್ರಮ ಅಂಚೆ ಚೀಟಿಗಳ ಮಾತು ಬಂದಾಗಲೆಲ್ಲ ಸಂಗ್ರಾಹಕರಲ್ಲಿ ಅನೇಕರು ಒಂದೇ ಸಮಜಾಯಿಷಿ ಕೊಡುತ್ತಾರೆ: ಗಿಳಿಯ ಚಿತ್ರ ಚೆನ್ನಾಗಿದೆ, ಬೆಲೆ ಅಗ್ಗ, ಮಕ್ಕಳಿಗೆ ಖುಷಿ, ಇದರಿಂದ ಯಾರಿಗೇನು ನಷ್ಟ? ಈ ಮಾತನ್ನು ಒಪ್ಪಲಾಗದು.

ನಕಲಿ ಚೀಟಿಗೆ ಎಲ್ಲಾದರೂ ಒಂದು ಅಸಲಿ ಇರುತ್ತದೆ. ಪಕ್ಕದಲ್ಲಿಟ್ಟರೆ ಮೋಸ ಬಯಲಾಗುತ್ತದೆ. ಅಕ್ರಮ ಚೀಟಿಗೆ ಅಸಲಿಯೇ ಇಲ್ಲ. ಚಾಡ್, ಸೊಮಾಲಿಯಾಗಳಂಥ ದೇಶಗಳ ಹೆಸರಿನಲ್ಲಿ, ಅಲ್ಲಿನ ಅಂಚೆ ಇಲಾಖೆಯ ಅನುಮತಿಯಿಲ್ಲದೆ, ಇವನ್ನು ಬೇರೆಲ್ಲೋ ಅಚ್ಚು ಹಾಕುತ್ತಾರೆ. ಹೊಳೆಯುವ ಕಾಗದದ ಮೇಲೆ ದಕ್ಷಿಣ ಅಮೆರಿಕದ ಮಕಾವ್ ಗಿಳಿ, ಮೂಲೆಯಲ್ಲಿ ಅಚ್ಚುಕಟ್ಟಾದ ಕಪ್ಪು ಠಸ್ಸೆ. ತಿರುಗಿಸಿದರೆ ಹಿಂಬದಿಯ ಅಂಟು ಇದ್ದ ಹಾಗೇ ಇದೆ. ಲಕೋಟೆಯನ್ನೇ ಕಾಣದ ಚೀಟಿಗೆ ಠಸ್ಸೆ ಬಿದ್ದದ್ದು ಹೇಗೆ? ಕೆಲವು ಅಧಿಕೃತ ಚೀಟಿಗಳಿಗೂ ಹೀಗೆ ಠಸ್ಸೆ ಹಾಕಿ ಮಾರುವುದುಂಟು. ಆದರೂ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಇದು.

ಎಲ್ಲೋ ದೂರದವರ ತೊಂದರೆ ಎಂದು ಸುಮ್ಮನಿರುವಂತೆಯೂ ಇಲ್ಲ. 1963ರಲ್ಲಿ ಭಾರತದ ರಾಜ್ಯವಾದ ನಾಗಾಲ್ಯಾಂಡಿನ ಹೆಸರಿನಲ್ಲೂ 1970ರ ದಶಕದಲ್ಲಿ ಹೊರದೇಶದ ವ್ಯಾಪಾರಿಗಳು ಹುಸಿ ಚೀಟಿ ಮಾರಿದರು. ಕೊಹಿಮಾದಿಂದ ಒಂದು ಕಾಗದವನ್ನೂ ಅವು ಹೊತ್ತು ತರಲಾರವು. ನಮ್ಮ ನೆಲದ ಹೆಸರು ಮಾತ್ರ ಅವರ ಸರಕಾಯಿತು.

ಚೀಟಿಯ ಮೇಲಿನ ಹೆಸರಿನ ಬೆಲೆ ಗೋವಾಕ್ಕೆ ಗೊತ್ತು. 1871ರಿಂದ ಇಲ್ಲಿ ಪೋರ್ಚುಗೀಸ್ ಇಂಡಿಯಾದ ಚೀಟಿಗಳು ನಡೆಯುತ್ತಿದ್ದವು. 1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆ ದಾಬೋಲಿಮ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಾಂಬು ಹಾಕಿತು. ಮರುದಿನ ಪೋರ್ಚುಗೀಸರ ಆಡಳಿತ ಮುಗಿಯಿತು. ಅದರ ಹಿಂದೆಯೇ ಅವರ ಚೀಟಿ ಹೋಗಿ ಭಾರತದ ಚೀಟಿ ಬಂತು. ಚೀಟಿಯ ಮೇಲಿನ ದೇಶದ ಹೆಸರು ಆಡಳಿತದ ಸಹಿ. ಅದನ್ನು ಕದ್ದು ಮಾರುವುದು ನಿರುಪದ್ರವಿ ಕೆಲಸವಾಗುವುದಿಲ್ಲ.

ಭಾರತವೇ 2016ರಲ್ಲಿ ವಿದೇಶಿ ಮಕಾವ್‌ಗಳ ಚೀಟಿ ತಂದಿತಲ್ಲ, ವ್ಯತ್ಯಾಸವೇನು ಎಂದು ಕೇಳುವವರಿದ್ದಾರೆ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಮಲಬಾರ್ ಗಿಳಿಯಿರುವಾಗ ಮಕಾವ್ ಯಾಕೆ ಎಂದು ನಾನೂ ಕೇಳುತ್ತೇನೆ. ಆದರೆ ಅದನ್ನು ಕೇಳುವುದಕ್ಕೆ ಅಂಚೆ ಇಲಾಖೆಯಿದೆ. ಆ ಚೀಟಿ ಅಂಟಿಸಿದ ಪತ್ರ ಊರು ತಲುಪುತ್ತದೆ. ಅಕ್ರಮ ಚೀಟಿಗೆ ಉತ್ತರ ಕೊಡುವವರೇ ಇಲ್ಲ.

ಕಾನೂನಿಗೂ ಇದು ಹೊಸ ವಿಷಯವಲ್ಲ. ಹುಸಿ ಅಂಚೆ ಚೀಟಿ ತಯಾರಿಸುವುದು, ತಿಳಿದೂ ಮಾರುವುದು ಭಾರತೀಯ ದಂಡ ಸಂಹಿತೆಯ 263ಎ ಕಲಮಿನಡಿ ಅಪರಾಧವಾಗಿತ್ತು. ವಿದೇಶಿ ಸರ್ಕಾರಗಳ ಹೆಸರಿನ ಚೀಟಿಗಳೂ ಅದರ ವ್ಯಾಪ್ತಿಯಲ್ಲಿದ್ದವು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ನಿಷೇಧ ಉಳಿದಿದೆ. ದಂಡ ಮಾತ್ರ ಹೆಚ್ಚೆಂದರೆ 200 ರೂಪಾಯಿ. ಇದು ಏನೇನೂ ಸಾಲದು. ತಡೆಯುವ ಕೆಲಸ ಕೊಳ್ಳುವವರ ಮೇಲೇ ಬೀಳುತ್ತದೆ.

ದಾಬೋಲಿಮ್, ವಾಸ್ಕೊ, ಝುವಾರಿನಗರಗಳ ಕನ್ನಡ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಮಕ್ಕಳ ಹವ್ಯಾಸ ತಪ್ಪಿಸಬೇಡಿ. ವಿಶ್ವ ಅಂಚೆ ಒಕ್ಕೂಟ 2002ರಿಂದ ಸದಸ್ಯ ದೇಶಗಳ ಅಧಿಕೃತ ಚೀಟಿಗಳನ್ನು ಸಂಖ್ಯೆ ಕೊಟ್ಟು ದಾಖಲಿಸುತ್ತಿದೆ. ಅನುಮಾನ ಬಂದರೆ ಅಲ್ಲಿ ನೋಡಿ. ಪಣಜಿಯ ಪ್ರಧಾನ ಅಂಚೆ ಕಚೇರಿಗೆ ಕರೆದೊಯ್ದು ಅಸಲಿ ಚೀಟಿ ಕೊಡಿಸಿ. ಕಾಗದ ಬರೆಸಿ, ಅದನ್ನು ಅಂಟಿಸಿ, ಊರಿನ ಅಜ್ಜಿಗೆ ಕಳಿಸಿ.