‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯಲ್ಲಿ ವಿಲ್ಸನ್‌ನ ಸ್ಥಾನ

ಅಮೆರಿಕದ ಕಾದಂಬರಿಕಾರ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 1925ರಲ್ಲಿ ಪ್ರಕಟವಾಯಿತು. ಬಡ ರೈತನ ಮಗನೊಬ್ಬ ಹೆಸರನ್ನೂ ಬದಲಿಸಿಕೊಂಡು, ಪಾನನಿಷೇಧದ ಕಾಲದಲ್ಲಿ ಕಳ್ಳಮದ್ಯದ ವ್ಯಾಪಾರದಿಂದ ಸಿರಿವಂತನಾಗಿ, ತಾನು ಪ್ರೀತಿಸಿದ ಡೇಸಿಯನ್ನು ಮರಳಿ ಪಡೆಯಲು ಹೆಣಗಿ ಅಳಿದ ಕಥೆಯಿದು. ವಿಮರ್ಶಕರ ದೃಷ್ಟಿ ಸಹಜವಾಗಿಯೇ ಕಥಾನಾಯಕನ ಮೇಲೆ ನೆಟ್ಟಿದೆ. ಆದರೆ ಬಂಡವಾಳಶಾಹಿ ಸಮಾಜದಲ್ಲಿ ಬಡವನು ಮೇಲೇರುವ ಸಾಧ್ಯತೆ ಎಷ್ಟೆಂಬ ಪ್ರಶ್ನೆಯನ್ನಿರಿಸಿಕೊಂಡು ಓದಿದರೆ, ನಮ್ಮ ಗಮನ ಹೆಚ್ಚಾಗಿ ಸಲ್ಲಬೇಕಾದುದು ಜಾರ್ಜ್ ವಿಲ್ಸನ್ ಎಂಬ ಗ್ಯಾರೇಜಿನವನಿಗೆ.

ದುಡಿದವನು ಏರಿಯೇ ಏರುವನೆಂಬ ನಂಬಿಕೆ ಆ ದೇಶದಲ್ಲಿ ಆಳವಾಗಿ ಬೇರೂರಿತ್ತು. ಹೊರೇಷಿಯೋ ಆಲ್ಜರ್ 1868ರಲ್ಲಿ ಪುಸ್ತಕರೂಪದಲ್ಲಿ ತಂದ ‘ರ‍್ಯಾಗ್ಡ್ ಡಿಕ್’ ಕಥೆಯಲ್ಲಿ ಬೂಟಿಗೆ ಪಾಲಿಶ್ ಹಾಕುವ ಹುಡುಗ ಗೌರವಸ್ಥನಾಗುತ್ತಾನೆ. ಸೂಕ್ಷ್ಮವಾಗಿ ಪರಿಶೀಲಿಸಿದರೆ, ಅಲ್ಲಿಯೂ ಅವನನ್ನು ಕೊನೆಯ ಮೆಟ್ಟಿಲೇರಿಸುವುದು, ನೀರಿಗೆ ಬಿದ್ದ ಮಗುವನ್ನು ರಕ್ಷಿಸಿದ್ದಕ್ಕಾಗಿ ಅದರ ತಂದೆ ಕೊಟ್ಟ ನೌಕರಿ.

ಗ್ಯಾಟ್ಸ್‌ಬಿಯೂ ಈ ನಂಬಿಕೆಯಲ್ಲಿ ಬೆಳೆದವನು. ಬಾಲ್ಯದಲ್ಲಿ ಅವನು ಬರೆದಿಟ್ಟ ದಿನಚರಿಯ ವೇಳಾಪಟ್ಟಿಯನ್ನು, ಮಗನ ಶವಸಂಸ್ಕಾರಕ್ಕೆ ಬಂದ ತಂದೆ ಅಭಿಮಾನದಿಂದ ತೋರಿಸುತ್ತಾನೆ. ಆ ಶಿಸ್ತು ಅವನನ್ನು ಧನಿಕನನ್ನಾಗಿಸಲಿಲ್ಲ. ಡ್ಯಾನ್ ಕೋಡಿ ಎಂಬ ಸಿರಿವಂತ ಅವನಿಗೆಂದು ಬಿಟ್ಟುಹೋದ 25,000 ಡಾಲರುಗಳು ಕಾನೂನಿನ ತೊಡಕಿನಿಂದ ಕೈತಪ್ಪಿದವು. ಇತ್ತ ಡೇಸಿಯ ಪತಿ ಟಾಮ್ ಬುಕ್ಯಾನನ್‌ನ ಐಶ್ವರ್ಯ ಪಿತ್ರಾರ್ಜಿತ. ಕಥೆ ಹೇಳುವ ನಿಕ್ ಕೂಡ ಉದ್ಯೋಗ ಕಲಿಯಲು ನ್ಯೂಯಾರ್ಕಿಗೆ ಬರುವುದು ತಂದೆ ಒಂದು ವರ್ಷದ ವೆಚ್ಚ ಭರಿಸಲೊಪ್ಪಿದ್ದರಿಂದ.

ವಿಲ್ಸನ್‌ಗೆ ಇವಾವುದೂ ಇಲ್ಲ. ಬೂದಿಗುಡ್ಡೆಗಳ ನಡುವೆ ದುಡಿಯುವ ಅವನು, ಟಾಮ್ ತನ್ನ ಕಾರನ್ನು ಮಾರಿಯಾನೆಂದು ಕಾದಿದ್ದಾನೆ. ಅದರ ಲಾಭದಿಂದ ಹೆಂಡತಿಯೊಡನೆ ಪಶ್ಚಿಮಕ್ಕೆ ಹೋಗುವ ಆಸೆ ಮುಂದೆ ಅವನಲ್ಲಿ ಮೂಡುತ್ತದೆ. ಟಾಮ್ ವ್ಯವಹಾರವನ್ನು ಮುಂದೂಡುತ್ತಲೇ ಇರುತ್ತಾನೆ. ವಿಲ್ಸನ್‌ನ ಹೆಂಡತಿ ಮರ್ಟಲ್‌ಳೊಡನೆ ಗುಪ್ತ ಸಂಬಂಧವನ್ನೂ ಇರಿಸಿಕೊಂಡಿದ್ದಾನೆ. ಇನ್ನೊಬ್ಬನ ಭವಿಷ್ಯವನ್ನು ತನ್ನ ಬಿಡುವಿಗಾಗಿ ಕಾಯಿಸಬಲ್ಲ ಈ ಸಾಮರ್ಥ್ಯವೇ ಅಧಿಕಾರದ ನಿಜರೂಪ. ಕೊನೆಗೆ ಡೇಸಿ ನಡೆಸುತ್ತಿದ್ದ ಕಾರಿಗೆ ಸಿಕ್ಕಿ ಮರ್ಟಲ್ ಸಾಯುತ್ತಾಳೆ. ವಿಲ್ಸನ್ ಗ್ಯಾಟ್ಸ್‌ಬಿಯನ್ನು ಕೊಂದು ತಾನೂ ಸಾಯುತ್ತಾನೆ. ಸತ್ತ ಮೂವರೂ ಕೆಳಸ್ತರದಲ್ಲಿ ಹುಟ್ಟಿದವರು. ಸಿರಿಯಲ್ಲಿ ಹುಟ್ಟಿದ ದಂಪತಿಗಳು ಊರು ಬಿಟ್ಟು ತೆರಳುತ್ತಾರೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 2012ರಲ್ಲಿ, ಮೈಲ್ಸ್ ಕೊರಾಕ್ ಕಲೆಹಾಕಿದ ಅಂಕಿಗಳನ್ನಾಧರಿಸಿ, ‘ಗ್ರೇಟ್ ಗ್ಯಾಟ್ಸ್‌ಬಿ ರೇಖೆ’ಯನ್ನು ಮಂಡಿಸಿದರು. ಅಸಮಾನತೆ ಹೆಚ್ಚಿರುವ ದೇಶಗಳಲ್ಲಿ ತಂದೆಯ ಆದಾಯವೇ ಮಗನ ಆದಾಯವನ್ನು ಹೆಚ್ಚಾಗಿ ನಿರ್ಧರಿಸುತ್ತದೆಂಬುದು ಅದರ ತಾತ್ಪರ್ಯ. ದೇಶಗಳ ಹೋಲಿಕೆಯಿಂದ ಕಾರ್ಯಕಾರಣ ಸಂಬಂಧ ಸಿದ್ಧವಾಗದೆಂಬುದು ನಿಜ. ಆದರೂ ರಾಜ್ ಚೆಟ್ಟಿ ಮತ್ತು ಸಂಗಡಿಗರ 2014ರ ಅಧ್ಯಯನ ವಿಚಾರಾರ್ಹವಾಗಿದೆ: ಅಮೆರಿಕದಲ್ಲಿ ಕೆಳಗಿನ ಶೇಕಡಾ 20ರ ಕುಟುಂಬಗಳಲ್ಲಿ ಬೆಳೆದ ಮಕ್ಕಳ ಪೈಕಿ ಮೇಲಿನ ಶೇಕಡಾ 20ರ ವರ್ಗವನ್ನು ತಲುಪಿದವರು ಶೇಕಡಾ 7.5. ಹುಟ್ಟು ಲೆಕ್ಕಕ್ಕೆ ಬಾರದಿದ್ದರೆ ಅದು 20 ಇರಬೇಕಿತ್ತು. ಈ ಪ್ರಮಾಣ ಸ್ಯಾನ್ ಹೋಸೆಯಲ್ಲಿ 12.9, ಷಾರ್ಲಟ್‌ನಲ್ಲಿ 4.4 ಮಾತ್ರ. ಒಂದೇ ದೇಶದ ಎರಡು ನಗರಗಳ ಮಕ್ಕಳ ನಡುವಣ ಈ ಅಂತರವನ್ನು ಶ್ರಮ, ಸೋಮಾರಿತನಗಳಿಂದ ವಿವರಿಸುವುದು ಕಷ್ಟ.

ರೇಖೆಗೆ ಇಟ್ಟ ಹೆಸರು ಮಾತ್ರ ಅಷ್ಟು ಸಮರ್ಪಕವಲ್ಲ. ಗ್ಯಾಟ್ಸ್‌ಬಿ ಹೇಗಾದರೂ ಏರಿದವನು. ರೇಖೆ ಹೇಳುವುದು ಏರಲಾರದ ವಿಲ್ಸನ್‌ನ ಕಥೆಯನ್ನು. ಈ ಮರೆವಿಗೆ ಕಾದಂಬರಿಕಾರನೂ ಪಾಲುದಾರ. ಗ್ಯಾಟ್ಸ್‌ಬಿಯ ಔತಣಗಳನ್ನು ಪುಟಗಟ್ಟಲೆ ಬಣ್ಣಿಸುವ ಅವನು ವಿಲ್ಸನ್‌ನ ಅಂತರಂಗವನ್ನು ಹೊಕ್ಕು ನೋಡಿದ್ದು ತೀರ ಕಡಿಮೆ. ಸಂಪತ್ತಿನ ಮೋಹವನ್ನು ಖಂಡಿಸುವ ಕೃತಿಯೂ ಆ ಬೆರಗಿನಿಂದ ಪೂರ್ಣ ಪಾರಾಗಿಲ್ಲ. ಏರಿದವನೊಬ್ಬನ ಕಥೆಯನ್ನೇ ಸಮಾಜದ ನ್ಯಾಯಕ್ಕೆ ಸಾಕ್ಷಿಯಾಗಿಸುವ ಓದುಗರು, ಆ ಗ್ಯಾರೇಜಿನಲ್ಲಿ ಕಾದು ನಿಂತವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.