ಡೆಮೊ ಹಾಡನ್ನು ನಂಬಿ ಪಿಯಾನೊ ಕೊಳ್ಳಬೇಡಿ

ಹಳೆಯ ಡಿಜಿಟಲ್ ಪಿಯಾನೊ ಮಾರುವವರು ಮೊದಲು ಮಾಡುವ ಕೆಲಸ ಡೆಮೊ ಬಟನ್ ಒತ್ತುವುದು. ಕೋಣೆ ತುಂಬ ಸಂಗೀತ ಹರಿಯುತ್ತದೆ, ಕೊಳ್ಳಲು ಬಂದವರ ಮುಖ ಅರಳುತ್ತದೆ. ‘ಎರಡು ಕೀ ಮಾತ್ರ ಸ್ವಲ್ಪ ಪ್ರಾಬ್ಲೆಮ್ ಉಂಟು ಮಾರಾಯ್ರೆ, ರಿಪೇರಿ ಮಾಡಿದ್ರೆ ಸರಿಯಾಗ್ತದೆ’ ಎಂಬ ಮಾತಿನೊಂದಿಗೆ ವ್ಯಾಪಾರ ಕುದುರುತ್ತದೆ. ಮಣಿಪಾಲದಲ್ಲಿ ಓದು ಮುಗಿಸಿ ಹೊರಟ ವಿದ್ಯಾರ್ಥಿಗಳ ಕೈಯಿಂದ ಆದಿ ಉಡುಪಿ, ಕಾಪು, ಕಾರ್ಕಳದ ಮನೆಗಳಿಗೆ ವಾದ್ಯಗಳು ಹೀಗೆಯೇ ದಾಟುತ್ತವೆ. ಕೆಟ್ಟ ವಾದ್ಯವನ್ನು ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಅದನ್ನು ನಾವು ಪರೀಕ್ಷಿಸುವ ರೀತಿಗೆ ಇದೆ. ಡೆಮೊ ಹಾಡು ಬರುವುದು ವಾದ್ಯದ ಮೆಮೊರಿಯಿಂದ. ಅದಕ್ಕೆ ಒಂದು ಕೀಯ ಹಂಗೂ ಇಲ್ಲ. ಧ್ವನಿ ಹುಟ್ಟಿಸುವ ಬೋರ್ಡು, ಆಂಪ್ಲಿಫೈಯರ್, ಸ್ಪೀಕರ್ ಸರಿ ಇವೆ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ. ಬೆರಳು ತಾಗುವ 88 ಕೀಗಳ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಪಿಯಾನೊ ಇರುವುದು ಆ ಕೀಗಳಲ್ಲಿ. ಪ್ರತಿಯೊಂದರ ಕೆಳಗೂ ರಬ್ಬರಿನ ಪುಟ್ಟ ಗುಮ್ಮಟ, ಅದರೊಳಗೆ ಕಪ್ಪು ಕಾರ್ಬನ್ ಬಿಲ್ಲೆಗಳು. ಕಡಿಮೆ ಬೆಲೆಯ ಮಾದರಿಗಳಲ್ಲಿ ಎರಡು, ಮೇಲಿನವುಗಳಲ್ಲಿ ಮೂರು. ಕೀ ಒತ್ತಿದಾಗ ಒಂದು ಬಿಲ್ಲೆ ಮೊದಲು, ಇನ್ನೊಂದು ಕೂದಲೆಳೆಯಷ್ಟು ತಡವಾಗಿ ಬೋರ್ಡಿಗೆ ತಾಗುತ್ತದೆ. ಆ ಅಂತರವನ್ನು ಅಳೆದೇ ಸ್ವರ ಮೆಲ್ಲಗೆ ಬರಬೇಕೋ ಜೋರಾಗಿಯೋ ಎಂಬುದು ತೀರ್ಮಾನವಾಗುವುದು. ನಡುವೆ ಧೂಳು ಕೂತರೆ ಸ್ವರ ಬರುವುದಿಲ್ಲ, ಅಥವಾ ಎಷ್ಟು ಮೃದುವಾಗಿ ಒತ್ತಿದರೂ ಕಿರುಚುತ್ತದೆ.

ಆದಿ ಉಡುಪಿಯ ಮನೆಯೊಂದರಲ್ಲಿ ಇಂಥ ಒಂದು ವಾದ್ಯವನ್ನು ಚಾಪೆಯ ಮೇಲೆ ಮಗುಚಿ ತಳ ಬಿಚ್ಚಿದೆವು. ಸ್ಕ್ರೂಗಳ ತಲೆಗೆ ತುಕ್ಕು, ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಚಿಪ್ಪು, ರಬ್ಬರ್ ಪಟ್ಟಿಯ ಉದ್ದಕ್ಕೂ ಬೂದು ಬಣ್ಣದ ಜಿಗುಟು ಪದರ. ಮಲ್ಪೆಯ ಕಡಲು ಹತ್ತಿರ, ಮಳೆಗಾಲದ ತೇವಕ್ಕೆ ಗೋಡೆಯೇ ಬೆವರುವ ಊರು; ಅಚ್ಚರಿಪಡಲು ಏನಿತ್ತು? ಪಟ್ಟಿಯನ್ನು ಎಬ್ಬಿಸಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಬಿಲ್ಲೆಗಳನ್ನು ಒಣಬಟ್ಟೆಯಿಂದ ಸವರಿ ಮತ್ತೆ ಕೂರಿಸಿದಾಗ ಸತ್ತಿದ್ದ ಎರಡೂ ಕೀ ನುಡಿದವು. ಖರ್ಚಾದದ್ದು ಒಂದು ಸಂಜೆ. ಮಾರಿದವರ ಮಾತು ಅಲ್ಲಿ ನಿಜವೇ ಆಗಿತ್ತು.

ಎಲ್ಲ ಕಡೆ ಹಾಗಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ಕೀ ಸತ್ತಿದ್ದರೆ ಹೆಚ್ಚಾಗಿ ಧೂಳಿನ ಕೆಲಸ, ಧೈರ್ಯವಾಗಿ ಕೊಳ್ಳಬಹುದು. ಸತ್ತ ಕೀಗಳು ಲೆಕ್ಕ ಹಾಕಿದಂತೆ ಸಮಾನ ಅಂತರದಲ್ಲಿದ್ದರೆ, ಇಲ್ಲವೇ ಸಾಲಾಗಿ ಒಂದೇ ಗುಂಪಾಗಿದ್ದರೆ, ರಿಬ್ಬನ್ ಕೇಬಲ್ಲೋ ಬೋರ್ಡಿನ ತಾಮ್ರದ ಗೆರೆಯೋ ಹೋಗಿರುತ್ತದೆ. ಕೇಬಲ್ ಆದರೆ ಪುಣ್ಯ. ಗೆರೆಯ ಮೇಲೆ ಹಸಿರು ಕಿಲುಬು ಕಂಡರೆ ಇಂದು ಒಂದು ಕಡೆ ಬೆಸುಗೆ ಹಾಕಿದ್ದು ಮುಂದಿನ ಆಟಿಯ ಮಳೆಗೆ ಇನ್ನೊಂದು ಕಡೆ ಬಿಡುತ್ತದೆ. ಅದನ್ನು ಪುಕ್ಕಟೆ ಕೊಟ್ಟರೂ ನಾನು ಬೇಡವೆನ್ನುತ್ತೇನೆ. ಯುಎಸ್‌ಬಿ ಮಿಡಿ ಇರುವ ವಾದ್ಯವನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಮಿಡಿ ತೋರಿಸುವ ತಂತ್ರಾಂಶ ತೆರೆದರೆ ಪ್ರತಿ ಒತ್ತಿಗೂ ಅದರ ಬಿರುಸು ತಿಳಿಸುವ 1ರಿಂದ 127ರೊಳಗಿನ ಸಂಖ್ಯೆ ಮೂಡುತ್ತದೆ. ಮೆಲ್ಲಗೆ ಒತ್ತಿದಾಗಲೂ 127 ಬಂದರೆ ಆ ಕೀಯ ಸಂಪರ್ಕ ಕೆಟ್ಟಿದೆ. ಸಂಖ್ಯೆ ಸರಿಯಿದ್ದು ಧ್ವನಿ ಮಾತ್ರ ಇಲ್ಲದಿದ್ದರೆ ಹೆಡ್‌ಫೋನ್ ಹಾಕಿ ಕೇಳಬೇಕು. ಅದರಲ್ಲಿ ಕೇಳಿಸಿದರೆ ಹೆಡ್‌ಫೋನ್ ಜ್ಯಾಕಿನೊಳಗಿನ ಸ್ವಿಚ್ಚೇ ಕಿಲುಬು ಹಿಡಿದು ಸ್ಪೀಕರನ್ನು ಮೌನವಾಗಿಸಿರುವ ಸಾಧ್ಯತೆ ಉಂಟು. ಸಣ್ಣ ಕೆಲಸ.

‘ಆನ್ ಆಗುವುದೇ ಇಲ್ಲ’ ಎಂಬ ವಾದ್ಯದ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಹಲವು ಬಾರಿ ಹೋಗಿರುವುದು ಅಡಾಪ್ಟರ್ ಮಾತ್ರ. ಆದರೆ ಕಂಡ ಅಡಾಪ್ಟರನ್ನು ಚುಚ್ಚಿ ನೋಡುವುದು ಅಪಾಯ. ಯಮಾಹ ಪಿ-45ಕ್ಕೆ 12 ವೋಲ್ಟ್, ನಡುವಿನ ಪಿನ್ ಪಾಸಿಟಿವ್. ಕ್ಯಾಸಿಯೊದ ಹಳೆಯ ಅನೇಕ ಕೀಬೋರ್ಡ್‌ಗಳಿಗೆ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಪ್ಲಗ್ ನೋಡಲು ಒಂದೇ ಥರ. ಅದಲುಬದಲಾದರೆ ಬದುಕಿದ್ದ ಬೋರ್ಡೂ ಸುಟ್ಟೀತು. ಸಿಡಿಲಿಗೆ ಸುಟ್ಟದ್ದಾದರೆ ಮುಟ್ಟಲೇಬಾರದು.

ಇಲ್ಲಿ ಹಾರ್ಮೋನಿಯಂ ನೆನಪಾಗದೆ ಇರದು. ಕಡಲ ಬದಿಯ ಮೊಗವೀರ ಭಜನಾ ಮಂದಿರಗಳಲ್ಲಿ ಇದೇ ಉಪ್ಪುಗಾಳಿಗೆ ಮೈಯೊಡ್ಡಿ ಹಾರ್ಮೋನಿಯಂಗಳು ಬಾಳುತ್ತಿವೆ. ಹಿತ್ತಾಳೆಯ ರೀಡನ್ನು ಅರದಿಂದ ಉಜ್ಜಿ ಶ್ರುತಿ ಸರಿಮಾಡಬಹುದು, ತಿದಿ ಹರಿದರೆ ಅಂಟಿಸಬಹುದು. ಡಿಜಿಟಲ್ ಪಿಯಾನೊದಲ್ಲಿ ಒಂದು ಚಿಪ್ ಹೋದರೆ ಅದೇ ಮಾದರಿಯ ಬೋರ್ಡ್ ಸಿಗಬೇಕು, ಮಾದರಿ ನಿಂತುಹೋಗಿದ್ದರೆ ಅದೂ ದುರ್ಲಭ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು. ಸಂಗೀತ ವಾದ್ಯಗಳಿಗೂ ಅಲ್ಲಿ ಪ್ರತ್ಯೇಕ ಜಾಗ ಸಿಗಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೊನೆಯ ಪ್ರಶ್ನೆ, ನುಡಿಸುವವರು ಯಾರು ಎಂಬುದು. ಚರ್ಚಿನ ಗಾಯನ ತಂಡದಲ್ಲಿ ವರ್ಷಗಟ್ಟಲೆ ನುಡಿಸಿದವರು ಒಂದು ಮೊಂಡು ಕೀಯನ್ನು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅದು ಗೊತ್ತಾಗದು. ಕೀ ಕಿರುಚಿದರೆ ತನ್ನ ಬೆರಳೇ ತಪ್ಪಿತೆಂದು ಅದು ನಂಬುತ್ತದೆ, ಆ ಸ್ವರಕ್ಕೆ ಬಂದಾಗಲೆಲ್ಲ ಕೈ ಬಿಗಿ ಹಿಡಿಯಲು ಕಲಿಯುತ್ತದೆ. ಮಗುವಿಗಾಗಿ ಕೊಳ್ಳುವ ವಾದ್ಯವನ್ನು ಮೊದಲು ರಿಪೇರಿ ಮಾಡಿಸಿ, 88 ಕೀಗಳೂ ಮೆಲುದನಿಯಲ್ಲಿ ಒಂದೇ ಸಮ ನುಡಿಯುವುದನ್ನು ಕೇಳಿ, ಆಮೇಲೆ ಮಗುವಿನ ಮುಂದೆ ಇಡಬೇಕು. ಅಷ್ಟು ಮಾಡಿಸಲು ತಗಲುವ ಹಣವನ್ನೂ ಸೇರಿಸಿದಾಗ ಹೊಸದರ ಅರ್ಧ ಬೆಲೆ ದಾಟುತ್ತದೆಂದಾದರೆ, ಡೆಮೊ ಹಾಡು ಎಷ್ಟೇ ಚೆನ್ನಾಗಿರಲಿ, ಆ ವಾದ್ಯ ಬೇಡ.